ಒಟ್ಲು ಬಿಡುವ ಮುಂಚೆ ಹೇಳಿ

(2024ರ ನವೆಂಬರಿನಲ್ಲಿ ಮಂಡ್ಯದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಲೆಕ್ಕಗಳನ್ನು ಮತ್ತೊಮ್ಮೆ ಮಾಡಿ ನೋಡಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಪೇಪರ್ ಬಿಡಿಸಿದ ಕೂಡಲೇ ನಿಮ್ಮಲ್ಲಿ ಎಷ್ಟು ಜನ ಆ ಸಣ್ಣ ಚೌಕ ಹುಡುಕುತ್ತೀರಿ? ಕೆಆರ್‌ಎಸ್ ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಕೈ ಎತ್ತಿದವರೆಲ್ಲ ನಮ್ಮ ಕಡೆಯವರೇ. ನಮ್ಮ ಮನೆಯಲ್ಲಿ ಅಪ್ಪ ಬೇರೆ ಯಾವ ಸುದ್ದಿಗೂ ಮುಂಚೆ ಅದನ್ನು ಓದುತ್ತಿದ್ದರು. ಅವ್ವನಿಗೆ ಓದು ಬರುತ್ತಿರಲಿಲ್ಲ. ಒಲೆ ಮುಂದೆ ಕೂತೇ "ಕಟ್ಟೆ ಎಷ್ಟಕ್ಕೆ ಬಂತಂತೆ?" ಅಂತ ಕೇಳುತ್ತಿದ್ದಳು. ಅಡವಿಟ್ಟ ಓಲೆ ಬಿಡಿಸಿಕೊಳ್ಳುವುದು, ಅಕ್ಕನ ಮದುವೆ ಈ ವರ್ಷವೋ ಮುಂದಿನ ವರ್ಷವೋ ಅನ್ನುವುದು, ಎಲ್ಲ ಆ ಅಂಕಿಯ ಮೇಲೆ ನಿಂತಿರುತ್ತಿತ್ತು.

ನಮ್ಮೂರು ಮಳವಳ್ಳಿ ತಾಲ್ಲೂಕಿನಲ್ಲಿದೆ. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಕೊನೆ ಭಾಗ ಅಂದರೆ ಏನು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೀರು ಬಂದರೆ ಎಲ್ಲರಿಗಿಂತ ತಡವಾಗಿ ಬರುತ್ತದೆ. ನಿಂತರೆ ಎಲ್ಲರಿಗಿಂತ ಮೊದಲು ನಿಲ್ಲುತ್ತದೆ. ಆಮೇಲೆ ನಾನು ಓದಿ, ಮೂವತ್ತು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡಿದೆ. ಈಗಲೂ ಊರಲ್ಲಿ ಎರಡೂವರೆ ಎಕರೆ ಗದ್ದೆ ಇದೆ, ತಮ್ಮ ನೋಡಿಕೊಳ್ಳುತ್ತಾನೆ. ಪಾಠ ಮಾಡಿದ್ದನ್ನೂ ಗದ್ದೆಯಲ್ಲಿ ಕಂಡದ್ದನ್ನೂ ಒಟ್ಟಿಗಿಟ್ಟು ಇವತ್ತು ಮಾತಾಡುತ್ತೇನೆ.

ಹಲವು ರಾಜ್ಯಗಳು ಹಂಚಿಕೊಂಡ ನದಿಯಲ್ಲಿ, ಇಷ್ಟಕ್ಕಿಂತ ಜಾಸ್ತಿ ನೀರಾವರಿ ಮಾಡಬೇಡಿ ಅಂತ ಮಿತಿ ಹಾಕಿದರೆ ದುಡ್ಡಿನ ಲೆಕ್ಕದಲ್ಲಿ ಏನಾಗುತ್ತದೆ? ನನ್ನ ವಿಷಯ ಅಷ್ಟೇ. ಕರ್ನಾಟಕ ಸರಿಯೋ ತಮಿಳುನಾಡು ಸರಿಯೋ ಅನ್ನುವ ವಾದಕ್ಕೆ ನಾನು ಬಂದಿಲ್ಲ. ಅದನ್ನು ನೂರು ವರ್ಷದಿಂದ ದೊಡ್ಡ ದೊಡ್ಡ ವಕೀಲರು ಮಾಡಿದ್ದಾರೆ.

ನಿಜಕ್ಕೂ ಈ ವರ್ಷಕ್ಕೆ ಸರಿಯಾಗಿ ನೂರು ವರ್ಷ. 1924ರ ಫೆಬ್ರವರಿಯಲ್ಲಿ ಮೈಸೂರು ಸಂಸ್ಥಾನಕ್ಕೂ ಮದ್ರಾಸ್ ಪ್ರಾಂತ್ಯಕ್ಕೂ ಒಪ್ಪಂದ ಆಯಿತು. ಅದರಲ್ಲಿ ಮಿತಿಯನ್ನು ಬರೆದದ್ದು ಎಕರೆಯಲ್ಲಿ. ಕನ್ನಂಬಾಡಿ ಕಟ್ಟೆಯಿಂದ ಹೊಸದಾಗಿ 1,25,000 ಎಕರೆ, ಮುಂದೆ ಮೆಟ್ಟೂರಿನಲ್ಲಿ ಕಟ್ಟಲಿದ್ದ ಅಣೆಕಟ್ಟೆಯಿಂದ 3,01,000 ಎಕರೆ. 1991ರಲ್ಲಿ ಕಾವೇರಿ ನ್ಯಾಯಮಂಡಳಿ ಮಧ್ಯಂತರ ಆದೇಶ ಕೊಟ್ಟಿತು. 205 ಟಿಎಂಸಿ ನೀರಿನ ಮಾತು ಎಲ್ಲರಿಗೂ ನೆನಪಿದೆ. ಅದೇ ಆದೇಶದಲ್ಲಿ ಇನ್ನೊಂದು ಸಾಲು ಇತ್ತು. ಕಾವೇರಿ ನೀರಿನಿಂದ ಕರ್ನಾಟಕ ಆಗ ಮಾಡುತ್ತಿದ್ದ 11.2 ಲಕ್ಷ ಎಕರೆಗಿಂತ ನೀರಾವರಿ ಹೆಚ್ಚಿಸಬಾರದು ಅಂತ. 2007ರ ಅಂತಿಮ ತೀರ್ಪಿನಲ್ಲಿ ಅದು 18.85 ಲಕ್ಷ ಎಕರೆ ಆಯಿತು, ತಮಿಳುನಾಡಿಗೆ 24.71 ಲಕ್ಷ. ನೀರಿನ ಲೆಕ್ಕದಲ್ಲಿ ಒಟ್ಟು 740 ಟಿಎಂಸಿ, ಅದರಲ್ಲಿ ನಮಗೆ 270. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ನಮಗೆ ಇನ್ನೂ 14.75 ಟಿಎಂಸಿ ಸೇರಿಸಿತು. ನಾವು ತಮಿಳುನಾಡಿನ ಗಡಿಯ ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ್ದು ವರ್ಷಕ್ಕೆ 177.25 ಟಿಎಂಸಿ ಅಂತ ನಿಂತಿತು.

ಇತಿಹಾಸ ಇಷ್ಟು ಸಾಕು. ಈಗ ಈ ಅಂಕಿಗಳನ್ನು ಗದ್ದೆಗೆ ಇಳಿಸೋಣ.

ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಎಕರೆ ಅಂದರೆ 43,560 ಚದರ ಅಡಿ. ಭತ್ತದ ಬೆಳೆಗೆ ನಾಟಿಯಿಂದ ಕೊಯ್ಲಿನವರೆಗೆ ಗದ್ದೆಯಲ್ಲಿ ನಾಲ್ಕು ಅಡಿ ಎತ್ತರದಷ್ಟು ನೀರು ಬೇಕು ಅಂತ ಇಟ್ಟುಕೊಳ್ಳಿ. ಭಾಗಿಸಿದರೆ ಒಂದು ಟಿಎಂಸಿಗೆ ಸುಮಾರು 5,700 ಎಕರೆ ಭತ್ತ. ಅದೇ ನೀರಿನಲ್ಲಿ ರಾಗಿ ಬೆಳೆದರೆ, ಎಕರೆಗೆ ಒಂದೂವರೆ ಅಡಿ ನೀರು ಹಿಡಿದರೂ, 15,000 ಎಕರೆ ದಾಟುತ್ತದೆ.

2023ರ ಆಗಸ್ಟ್ ಕೊನೆಯಲ್ಲಿ 5,000 ಕ್ಯೂಸೆಕ್‌ನಂತೆ 15 ದಿನ ನೀರು ಹರಿಸಿ ಅಂತ ಆದೇಶ ಬಂತಲ್ಲ, ಅದನ್ನು ಟಿವಿಯಲ್ಲಿ "ದಿನಕ್ಕೆ 5,000 ಕ್ಯೂಸೆಕ್" ಅಂತ ಹೇಳುತ್ತಿದ್ದರು. ಕೇಳಿದವರು 5,000 ಅಂದರೆ ಎಷ್ಟು ಮಹಾ ಅಂದುಕೊಂಡರು. ಕ್ಯೂಸೆಕ್ ಅನ್ನುವುದು ಸೆಕೆಂಡಿನ ಲೆಕ್ಕ. ಪ್ರತಿ ಸೆಕೆಂಡಿಗೆ 5,000 ಘನ ಅಡಿ, ಹಗಲೂ ರಾತ್ರಿ, 15 ದಿನ. ಗುಣಿಸಿದರೆ ಆರೂವರೆ ಟಿಎಂಸಿ. ಅಂದರೆ 37,000 ಎಕರೆ ಭತ್ತದ ನೀರು.

ಇಲ್ಲಿ ನಾನು ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಆ ನೀರು ಆವಿಯಾಗಿ ಹೋಗಲಿಲ್ಲ. ಕೆಳಗೆ ಹೋಗಿ ಅಲ್ಲಿ ಯಾರದೋ ಪೈರು ಉಳಿಸಿತು. ಇಡೀ ಕಣಿವೆಯನ್ನು ಒಂದೇ ಮನೆ ಅಂತ ನೋಡಿದರೆ ಇದು ಒಂದು ಜೇಬಿನಿಂದ ಇನ್ನೊಂದು ಜೇಬಿಗೆ ಹೋದ ದುಡ್ಡು. ಅರ್ಥಶಾಸ್ತ್ರದ ಪುಸ್ತಕ ಹೇಳುವುದೂ ಅದನ್ನೇ. ನೀರು ಹಂಚಿಕೆಯಲ್ಲಿ ಮಿತಿ ಹಾಕಿದರೆ ಒಬ್ಬರಿಗೆ ನಷ್ಟ, ಇನ್ನೊಬ್ಬರಿಗೆ ಲಾಭ, ಒಟ್ಟು ಲೆಕ್ಕ ಸಮ. ಮೂವತ್ತು ವರ್ಷ ನಾನೂ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೇನೆ. ಆದರೆ 2023ರಲ್ಲಿ ನಮ್ಮ ಗದ್ದೆಯ ಬದುವಿನ ಮೇಲೆ ನಿಂತಾಗ ಈ ಲೆಕ್ಕ ತಾಳೆ ಆಗಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ಆ ವರ್ಷ ಜುಲೈನಲ್ಲಿ ಸ್ವಲ್ಪ ಮಳೆ ಹಿಡಿಯಿತು. ಕಟ್ಟೆಗೆ ನೀರು ಬಂತು, ಆದರೆ ತುಂಬಲಿಲ್ಲ. ಆಮೇಲೆ ಆಗಸ್ಟ್ ಬಂತು. 1901ರಿಂದ ಲೆಕ್ಕ ಇಟ್ಟಿರುವ ಈ ದೇಶದಲ್ಲಿ ಅಷ್ಟು ಒಣಗಿದ ಆಗಸ್ಟ್ ಇನ್ನೊಂದಿಲ್ಲ. ತಮ್ಮ ಅಷ್ಟರಲ್ಲಿ ಒಟ್ಲು, ಅಂದರೆ ಭತ್ತದ ಸಸಿಮಡಿ, ಬಿಟ್ಟಾಗಿತ್ತು. ಬಿತ್ತನೆ ಭತ್ತ ತಂದಿದ್ದ, ಎರಡು ಸಾಲು ಉಳುಮೆ ಮಾಡಿಸಿದ್ದ, ಗೊಬ್ಬರದ ಅಂಗಡಿಯಲ್ಲಿ ಸಾಲ ಬರೆಸಿದ್ದ. ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅನ್ನುತ್ತಿದ್ದರು, ನಮ್ಮ ತೂಬಿಗೆ ಬರುತ್ತಿರಲಿಲ್ಲ. ಭತ್ತದ ಸಸಿ ಇಪ್ಪತ್ತೈದು ದಿನದೊಳಗೆ ಗದ್ದೆಗೆ ಹೋದರೆ ಚೆನ್ನ. ಮೂವತ್ತು ದಿನ ಆಯಿತು, ಮೂವತ್ತೈದು ಆಯಿತು. ಒಟ್ಲಿನಲ್ಲೇ ಸಸಿ ಗೆಣ್ಣು ಕಟ್ಟತೊಡಗಿತು. ತುದಿ ಹಳದಿಯಾಯಿತು. ಅಂಥ ಸಸಿಯನ್ನು ಆಮೇಲೆ ನೆಟ್ಟರೂ ತೆಂಡೆ ಒಡೆಯಲ್ಲ, ಒಂದೊಂದು ಕಡ್ಡಿ ನಿಲ್ಲುತ್ತದೆ ಅಷ್ಟೇ. ನಲವತ್ತೆರಡನೇ ದಿನ ತಮ್ಮ ಹಸುಗಳನ್ನು ಒಟ್ಲಿಗೆ ಬಿಟ್ಟ. ನಾನು ಊರಲ್ಲೇ ಇದ್ದೆ. ಅವು ತಿನ್ನುವ ಸದ್ದು ಬಿಟ್ಟು ಇನ್ನೇನೂ ಕೇಳುತ್ತಿರಲಿಲ್ಲ. ಅವನು ಬದುವಿನ ಮೇಲೆ ಕೂತು ಟವೆಲಿನಿಂದ ಮುಖ ಒರೆಸಿಕೊಂಡ.

ಆಗ ನಾವು ಕೂತು ಲೆಕ್ಕ ಹಾಕಿದೆವು. ಈ ವರ್ಷ ನೀರಿಲ್ಲ ಅಂತ ಜೂನ್ ಮೊದಲ ವಾರದಲ್ಲೇ ಯಾರಾದರೂ ಖಚಿತವಾಗಿ ಹೇಳಿದ್ದರೆ ನಮಗೆ ಹೋಗುತ್ತಿದ್ದದ್ದು ಎಷ್ಟು? ಭತ್ತದ ಲಾಭ ಹೋಗುತ್ತಿತ್ತು. ಅದರ ಬದಲು ರಾಗಿಯನ್ನೋ ಹುರುಳಿಯನ್ನೋ ಹಾಕಿ ಸ್ವಲ್ಪ ವಾಪಸ್ ಪಡೆಯುತ್ತಿದ್ದೆವು. ತಮ್ಮ ಎರಡು ತಿಂಗಳು ಮೈಸೂರಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಆಗಸ್ಟಿನಲ್ಲಿ ಗೊತ್ತಾದಾಗ ಹೋದದ್ದು ಎಷ್ಟು? ಭತ್ತದ ಲಾಭವೂ ಹೋಯಿತು, ಅದರ ಮೇಲೆ ಹಾಕಿದ ದುಡ್ಡೂ ಹೋಯಿತು, ರಾಗಿಯ ಹದವೂ ಹೋಯಿತು, ಅಂಗಡಿಯ ಸಾಲಕ್ಕೆ ಬಡ್ಡಿಯೂ ಸೇರಿತು. ನೀರು ಅಷ್ಟೇ ಕಡಿಮೆ. ನಷ್ಟ ಎರಡರಷ್ಟು.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದೇ. ನೀರಾವರಿಯ ಮಿತಿಗೆ ಬೆಲೆ ಇದೆ. ಆ ಬೆಲೆ ಎಷ್ಟು ಅನ್ನುವುದನ್ನು ಟಿಎಂಸಿಯ ಜೊತೆಗೆ ತಾರೀಖೂ ನಿರ್ಧರಿಸುತ್ತದೆ. ಬೇಸಿಗೆಯಲ್ಲಿ ಹೇಳಿದ ಮಿತಿ ಒಂದು ಯೋಜನೆ. ನಾಟಿ ಹೊತ್ತಿಗೆ ಹೇಳಿದ ಮಿತಿ ಒಂದು ಅಪಘಾತ.

ನಮ್ಮ ತೀರ್ಪುಗಳಲ್ಲಿ ತಾರೀಖಿಗೆ ಎಲ್ಲಿ ಜಾಗ ಇದೆ ನೋಡಿ. 177.25 ಟಿಎಂಸಿಯನ್ನು ತಿಂಗಳು ತಿಂಗಳಿಗೆ ಹಂಚಿದ್ದಾರೆ. ಜೂನ್ 9.19, ಜುಲೈ 31.24, ಆಗಸ್ಟ್ 45.95, ಸೆಪ್ಟೆಂಬರ್ 36.76. ಈ ಪೈಕಿ ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೇ ತಿಂಗಳಲ್ಲಿ 114 ಟಿಎಂಸಿ ಹೋಗಬೇಕು. ವರ್ಷದ ನೀರಿನ ನೂರಕ್ಕೆ ಅರವತ್ತನಾಲ್ಕು ಪಾಲು. ನಮ್ಮ ನಾಟಿ ಯಾವಾಗ? ಅದೇ ಮೂರು ತಿಂಗಳಲ್ಲಿ. ತಂಜಾವೂರಿನಲ್ಲಿ ಕುರುವೈ ಅನ್ನುವ ಮೊದಲ ಭತ್ತದ ಬೆಳೆ ನಿಂತಿರುವುದು, ಸಾಂಬಾ ಅನ್ನುವ ಆಮೇಲಿನ ಭತ್ತಕ್ಕೆ ಸಸಿ ಬಿಡುವುದು ಯಾವಾಗ? ಅದೂ ಅದೇ ಮೂರು ತಿಂಗಳಲ್ಲಿ. ಮಳೆ ಚೆನ್ನಾಗಿ ಆದ ವರ್ಷ ಈ ಪಟ್ಟಿಯ ಕಡೆ ಯಾರೂ ನೋಡುವುದಿಲ್ಲ, ನೀರು ತಾನಾಗಿ ಹರಿದುಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ಎಲ್ಲರೂ ಕಡಿಮೆ ಮಾಡಿಕೊಳ್ಳಿ, ಪಾಲಿನ ಪ್ರಕಾರ ಹಂಚಿಕೊಳ್ಳಿ ಅಂತ ತೀರ್ಪು ಹೇಳುತ್ತದೆ. ಆದರೆ ಕೊರತೆ ಎಷ್ಟು ಅಂತ ಗೊತ್ತಾಗುವುದು ಆಗಸ್ಟ್ ಕಳೆದ ಮೇಲೆ. ಅಷ್ಟರಲ್ಲಿ ಎರಡೂ ರಾಜ್ಯಗಳಲ್ಲಿ ಒಟ್ಲು ಬಿಟ್ಟಾಗಿರುತ್ತದೆ. 2016ರ ಸೆಪ್ಟೆಂಬರಿನಲ್ಲೂ ಹೀಗೇ ಆಯಿತು, 2023ರಲ್ಲೂ ಹೀಗೇ ಆಯಿತು. ಎರಡು ಸಲವೂ ಬೆಂಗಳೂರು ಬಂದ್ ಆಯಿತು, ಕೋರ್ಟಿಗೆ ಓಡಿದೆವು. ರಸ್ತೆಯ ಮೇಲೆ ಕೂತ ರೈತನ ಸಸಿ ಆ ಹೊತ್ತಿಗೆ ಮುಪ್ಪಾಗಿತ್ತು.

ಇನ್ನು ನಷ್ಟ ಯಾರ ಮೇಲೆ ಬೀಳುತ್ತದೆ ಅನ್ನುವುದಕ್ಕೆ ಬರುತ್ತೇನೆ.

37,000 ಎಕರೆ ಅಂದೆನಲ್ಲ, ಅದಕ್ಕೇ ವಾಪಸ್ ಹೋಗೋಣ. ಒಂದು ಎಕರೆ ನಾಟಿಗೆ ಹತ್ತು ಹೆಣ್ಣಾಳು ಅಂತ ಹಿಡಿಯಿರಿ. ನಮ್ಮೂರಲ್ಲಿ ಆ ವರ್ಷ ಹೆಣ್ಣಾಳಿಗೆ ದಿನಗೂಲಿ 350 ರೂಪಾಯಿ ಇತ್ತು. ಅಷ್ಟು ಎಕರೆ ನಾಟಿಯಾಗದೆ ನಿಂತರೆ ಬರೀ ನಾಟಿ ಕೂಲಿಯಲ್ಲೇ ಸುಮಾರು 13 ಕೋಟಿ ರೂಪಾಯಿ ಹೋಗುತ್ತದೆ. ಇದು ನನ್ನ ಅಂದಾಜು. ಕಳೆ ತೆಗೆಯುವುದು, ಕೊಯ್ಲು, ಹುಲ್ಲು ಕಟ್ಟುವುದು ಇದರಲ್ಲಿ ಸೇರಿಲ್ಲ. ಈ ದುಡ್ಡು ಒಂದೇ ಕಡೆ ಇರುವ ದುಡ್ಡಲ್ಲ. ಮುನ್ನೂರೈವತ್ತು, ಮುನ್ನೂರೈವತ್ತು ಅಂತ ಸೆರಗಿನ ಗಂಟಿನಲ್ಲಿ ಮನೆಗೆ ಹೋಗುವ ದುಡ್ಡು. ಅದು ಸಂತೆಗೆ ಬರುತ್ತದೆ, ಸಂಘದ ಕಂತಿಗೆ ಹೋಗುತ್ತದೆ, ಮಕ್ಕಳ ಬಸ್ ಪಾಸಿಗೆ ಹೋಗುತ್ತದೆ.

ಕಬ್ಬಿನ ಕಡೆ ನೋಡಿ. ಮಂಡ್ಯ ಜಿಲ್ಲೆ ಅಂತ ಒಂದು ಆದದ್ದೇ 1939ರಲ್ಲಿ. ಅದಕ್ಕೂ ಮುಂಚೆ ಇಲ್ಲಿ ನಾಲೆ ಬಂತು, 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಯಿತು. ಆಗಿನ ಮೈಸೂರಿನ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೆನಡಾದಿಂದ ಬಂದವರು. ನಾಲೆ ತೋಡಿದ ಖರ್ಚು ವಾಪಸ್ ಬರಬೇಕಾದರೆ ಕಬ್ಬು ಬೇಕು, ಕಬ್ಬಿಗೆ ಕಾರ್ಖಾನೆ ಬೇಕು ಅಂತ ಹಟ ಹಿಡಿದು ದುಡಿದರು. ಅಂದರೆ ಈ ಪೇಟೆ, ಈ ರಸ್ತೆ, ಈ ಸಭಾಂಗಣ, ಎಲ್ಲ ನಾಲೆಯ ಹಿಂದೆ ಬಂದದ್ದು. ನೀರು ನಿಂತರೆ ಆಲೆಮನೆಗಳು ಮೊದಲು ನಿಲ್ಲುತ್ತವೆ. ಗಾಣಕ್ಕೆ ಕಬ್ಬು ಕೊಡುವವನು, ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡುವವನು, ಹಿಂಡಿದ ಸಿಪ್ಪೆಯ ರಚ್ಚು ಒಣಗಿಸುವವನು, ಅಚ್ಚಿಗೆ ಹುಯ್ಯುವವರು, ಹೀಗೆ ಒಂದೊಂದು ಆಲೆಮನೆಯಲ್ಲಿ ಎಂಟು ಹತ್ತು ಜನ. ಕಬ್ಬು ಒಂದು ಸಲ ಒಣಗಿದರೆ ನಷ್ಟ ಒಂದೇ ವರ್ಷದ್ದಲ್ಲ. ಬುಡ ಸತ್ತರೆ ಅದರಿಂದ ಮತ್ತೆ ಚಿಗುರುವ ಕುಳೆ ಬೆಳೆಯೂ ಹೋಯಿತು. ಮತ್ತೆ ಬಿತ್ತನೆ ಕಬ್ಬು ಕೊಂಡು ನೆಡಬೇಕು.

ಈಗ ಪರಿಹಾರ ಯಾರಿಗೆ ಬರುತ್ತದೆ? 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಅಂತ ಘೋಷಿಸಿದರು. ನೀರಾವರಿ ಬೆಳೆ ಹಾಳಾದರೆ ವಿಪತ್ತು ನಿಧಿಯ ನಿಯಮದಂತೆ ಹೆಕ್ಟೇರಿಗೆ 17,000 ರೂಪಾಯಿ, ಎರಡು ಹೆಕ್ಟೇರಿನವರೆಗೆ. ಎಕರೆಗೆ ಲೆಕ್ಕ ಹಾಕಿದರೆ 6,900 ರೂಪಾಯಿ ಹತ್ತಿರ. ಅದು ಪಹಣಿಯಲ್ಲಿ ಹೆಸರಿರುವವರಿಗೆ ಬರುತ್ತದೆ. ಬೆಳೆ ವಿಮೆಯದೂ ಹೆಚ್ಚುಕಡಿಮೆ ಇದೇ ಕಥೆ. 1974ರ ಭೂಸುಧಾರಣೆಯಲ್ಲಿ ನಮ್ಮ ರಾಜ್ಯ ಗೇಣಿಯನ್ನೇ ನಿಷೇಧಿಸಿತು. ಒಳ್ಳೆಯ ಕಾರಣಕ್ಕೇ ಮಾಡಿದರು, ಲಕ್ಷಾಂತರ ಜನ ಭೂಮಿ ಕಂಡರು. ಆದರೆ ಇವತ್ತು ಬೆಂಗಳೂರಿಗೆ ಹೋಗಿ ನೆಲೆಸಿದವರ ಗದ್ದೆಯನ್ನು ಬಾಯಿ ಮಾತಿನ ಮೇಲೆ ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಮಾಡುವವರು ಊರೂರಲ್ಲಿ ಇದ್ದಾರೆ. ಅವರ ಕೈಯಲ್ಲಿ ಕಾಗದ ಇಲ್ಲ. ಬೀಜ ಅವರದು, ಗೊಬ್ಬರ ಅವರದು, ನಷ್ಟ ಅವರದು. ಪರಿಹಾರದ ಎಸ್ಸೆಮ್ಮೆಸ್ಸು ಬೆಂಗಳೂರಿನ ಫೋನಿಗೆ ಹೋಗುತ್ತದೆ. ನಾಟಿ ಹೆಂಗಸರಿಗೂ ಆಲೆಮನೆ ಆಳಿಗೂ ಯಾವ ಪಟ್ಟಿಯಲ್ಲೂ ಜಾಗ ಇಲ್ಲ.

ಕೆಲವು ವರ್ಷಗಳ ಹಿಂದೆ ನಾನು ತಿರುವಾರೂರು ಕಡೆಯ ಒಂದು ಹಳ್ಳಿಗೆ ಹೋಗಿದ್ದೆ. ಮೆಟ್ಟೂರು ಅಣೆಕಟ್ಟೆಯ ಗೇಟನ್ನು ವಾಡಿಕೆಯಂತೆ ಜೂನ್ 12ಕ್ಕೆ ತೆರೆಯಬೇಕು. ತೆರೆದರೆ ಕುರುವೈ, ಆಮೇಲೆ ತಾಳಡಿ, ಹೀಗೆ ಎರಡು ಬೆಳೆ. ತಡವಾದರೆ ಸಾಂಬಾ ಅನ್ನುವ ಒಂದೇ ಬೆಳೆ. ಈ ವರ್ಷವೂ ತೆರೆದದ್ದು ಜುಲೈ 28ಕ್ಕೆ. ನಾನು ಹೋದಾಗಲೂ ಗೇಟು ತೆರೆದಿರಲಿಲ್ಲ. ಊರ ಮುಂದಿನ ಕಾಲುವೆ ಒಣಗಿತ್ತು, ಆಡು ಮೇಯುತ್ತಿದ್ದವು. ಒಂದು ಮನೆ ಜಗಲಿಯ ಮೇಲೆ ನಾಲ್ಕೈದು ಹೆಂಗಸರು ಕೂತಿದ್ದರು. ನೆಲವಿಲ್ಲದವರು, ನಾಟಿ ಕೆಲಸದವರು. ನನ್ನ ಜೊತೆ ಬಂದಿದ್ದವರು ನಾನು ಮಂಡ್ಯದವಳು ಅಂತ ಹೇಳಿದರು. ನನಗೆ ಒಂದು ಕ್ಷಣ ಎದೆ ಹೊಡೆದುಕೊಂಡಿತು. ಒಬ್ಬರು ಎದ್ದು ಒಳಗೆ ಹೋಗಿ ನೀರು ತಂದುಕೊಟ್ಟರು. "ನಿಮ್ಮ ಊರಲ್ಲಿ ಮಳೆ ಆಯ್ತಾ?" ಅಂತ ಕೇಳಿದರು. ನನ್ನನ್ನು ಜಗಳಕ್ಕೆ ಎಳೆಯಲು ಕೇಳಿದ ಮಾತಲ್ಲ ಅದು. ನಮ್ಮ ಅವ್ವ ಒಲೆ ಮುಂದಿನಿಂದ ಕೇಳುತ್ತಿದ್ದಳಲ್ಲ, ಅದೇ ಪ್ರಶ್ನೆ. ನಾಲೆಯ ಕೊನೆ ಭಾಗಕ್ಕೆ ಅಲ್ಲಿ 'ಕಡೈಮಡೈ' ಅನ್ನುತ್ತಾರೆ. ಕಡೆ ಅನ್ನುವ ಪದ ನಮಗೂ ಅವರಿಗೂ ಒಂದೇ.

2003ರಲ್ಲಿ ಎರಡೂ ರಾಜ್ಯಗಳ ರೈತರು ಸೇರಿ 'ಕಾವೇರಿ ಕುಟುಂಬ' ಅಂತ ಒಂದು ಪ್ರಯತ್ನ ಮಾಡಿದರು. ಚೆನ್ನೈನ ಅರ್ಥಶಾಸ್ತ್ರಜ್ಞ ಎಸ್. ಜನಕರಾಜನ್ ಅದಕ್ಕೆ ಓಡಾಡಿದರು. ಅವರು ಇಲ್ಲಿಯ ಗದ್ದೆ ನೋಡಿದರು, ನಮ್ಮವರು ಅಲ್ಲಿಯ ಗದ್ದೆ ನೋಡಿದರು. ಅದರಿಂದ ಹಂಚಿಕೆಯ ಸೂತ್ರ ಹುಟ್ಟಲಿಲ್ಲ, ನಿಜ. ಆದರೂ ಅದು ದಂಡವಾಯಿತು ಅಂತ ನಾನು ಹೇಳುವುದಿಲ್ಲ. ಕಷ್ಟದ ವರ್ಷ ಎದುರಿನವನ ಗದ್ದೆ ಹೇಗಿರುತ್ತದೆ ಅಂತ ಕಣ್ಣಾರೆ ಕಂಡವರು ನೂರಾರು ಜನ ಇವತ್ತಿಗೂ ಇದ್ದಾರೆ.

ಬೇರೆ ದೇಶದ ಒಂದು ಉದಾಹರಣೆ ಕೊಡುತ್ತೇನೆ, ಅದರಿಂದ ಕಲಿಯುವುದಿದೆ. ಆಸ್ಟ್ರೇಲಿಯಾದ ಮರ್ರಿ–ಡಾರ್ಲಿಂಗ್ ಕಣಿವೆ. ನಾಲ್ಕು ರಾಜ್ಯ ಹಂಚಿಕೊಂಡ ನದಿಗಳು. ಅಲ್ಲಿ 1995ರಲ್ಲೇ ಎಳೆಯುವ ನೀರಿಗೆ ಮಿತಿ ಹಾಕಿದರು. ಆಮೇಲೆ ಹತ್ತು ವರ್ಷಕ್ಕೂ ಮೀರಿದ ಬರ ಬಂತು. 2012ರಲ್ಲಿ ಇಡೀ ಕಣಿವೆಗೆ ಒಂದು ಯೋಜನೆ ಮಾಡಿ, ವರ್ಷಕ್ಕೆ 2,750 ಗಿಗಾಲೀಟರ್ ನೀರನ್ನು ಬೇಸಾಯದಿಂದ ನದಿಗೆ ವಾಪಸ್ ಕೊಡಬೇಕು ಅಂದರು. ನಮ್ಮ ಲೆಕ್ಕದಲ್ಲಿ 97 ಟಿಎಂಸಿ. ಅದಕ್ಕೆ ಎರಡು ವರ್ಷ ಮುಂಚೆ ಕರಡು ಹೊರಬಂದಾಗ ಗ್ರಿಫಿತ್ ಅನ್ನುವ ಊರಿನಲ್ಲಿ ರೈತರು ಆ ಪುಸ್ತಕದ ಪ್ರತಿಗಳನ್ನು ಸುಟ್ಟರು. ಪತ್ರಿಕೆಯಲ್ಲಿ ಆ ಚಿತ್ರ ನೋಡಿದಾಗ ನನಗೆ ಮದ್ದೂರಿನ ಹೆದ್ದಾರಿಯ ಮೇಲೆ ಕೂತ ನಮ್ಮ ರೈತರು ನೆನಪಾದರು.

ಅಲ್ಲಿ ನೀರನ್ನು ಜಮೀನಿನಿಂದ ಬೇರೆ ಮಾಡಿ ಮಾರಬಹುದು, ಕೊಳ್ಳಬಹುದು. ಬರದಲ್ಲಿ ಭತ್ತದವರು ತಮ್ಮ ನೀರನ್ನು ದ್ರಾಕ್ಷಿ, ಬಾದಾಮಿ ತೋಟದವರಿಗೆ ಮಾರಿದರು. ನೀರಿನ ಬಳಕೆ ಅರ್ಧಕ್ಕಿಂತ ಕೆಳಗೆ ಇಳಿದರೂ ಕಣಿವೆಯ ನೀರಾವರಿ ಬೆಳೆಯ ಒಟ್ಟು ಬೆಲೆ ಅಷ್ಟು ಇಳಿಯಲಿಲ್ಲ. ಅರ್ಥಶಾಸ್ತ್ರಜ್ಞರು ಸಂತೋಷಪಟ್ಟರು. ಆದರೆ ಹತ್ತು ಲಕ್ಷ ಟನ್ನಿಗೂ ಮೀರಿ ಭತ್ತ ಬೆಳೆಯುತ್ತಿದ್ದ ದೇಶ 2007–08ರಲ್ಲಿ 20,000 ಟನ್ನಿನ ಆಸುಪಾಸಿಗೆ ಬಂತು. ಡೆನಿಲಿಕ್ವಿನ್ ಅನ್ನುವ ಪೇಟೆಯ ದೊಡ್ಡ ಅಕ್ಕಿ ಗಿರಣಿ 2007ರ ಕೊನೆಯಲ್ಲಿ ಮುಚ್ಚಿ, ಮತ್ತೆ ತೆರೆದದ್ದು 2011ರಲ್ಲಿ. ನೀರು ಮಾರಿದ ರೈತನಿಗೆ ದುಡ್ಡು ಬಂತು. ಗಿರಣಿಯ ಆಳಿಗೆ, ಲಾರಿಯವನಿಗೆ, ಪೇಟೆಯ ಅಂಗಡಿಗೆ ಏನು ಬಂತು? ನೀರು ಅವರ ಹೆಸರಲ್ಲಿ ಇರಲಿಲ್ಲ, ಆದ್ದರಿಂದ ಮಾರುವುದಕ್ಕೂ ಅವರಿಗೆ ಏನೂ ಇರಲಿಲ್ಲ. ನಮ್ಮ ನಾಟಿ ಹೆಂಗಸರ ಕಥೆಯೇ ಅಲ್ವಾ?

ಆ ಮಾರುಕಟ್ಟೆಯನ್ನು ಇಲ್ಲಿಗೆ ತರಬೇಕು ಅಂತ ನಾನು ಹೇಳುತ್ತಿಲ್ಲ. ಅರ್ಧ ಎಕರೆ, ಒಂದು ಎಕರೆ ಹಿಡುವಳಿ, ತೂಬಿಗೆ ಮೀಟರಿಲ್ಲ, ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಬದು ಹಾರಿ ಹೋಗುತ್ತದೆ. ಇಂಥಲ್ಲಿ ನೀರಿನ ಮಾರಾಟ ಬಂದರೆ ಮೊದಲು ನೀರು ಕಳೆದುಕೊಳ್ಳುವುದು ಕೊನೆ ಭಾಗವೇ. ನಾನು ಅಲ್ಲಿಂದ ತರಬೇಕು ಅನ್ನುವುದು ಬೇರೆ ಒಂದು ಅಭ್ಯಾಸ. ಅವರ ನೀರಿನ ವರ್ಷ ಜುಲೈ 1ಕ್ಕೆ ಶುರು. ಆವತ್ತೇ ನಿಮ್ಮ ಪಾಲಿನಲ್ಲಿ ನೂರಕ್ಕೆ ಇಷ್ಟು ಖಚಿತ ಅಂತ ಹೇಳುತ್ತಾರೆ. ಆಮೇಲೆ ಜಲಾಶಯ ನೋಡಿಕೊಂಡು ಆಗಾಗ ಹೆಚ್ಚಿಸುತ್ತಾ ಹೋಗುತ್ತಾರೆ. ಕಡಿಮೆಯಿಂದ ಶುರು ಮಾಡಿ ಮೇಲಕ್ಕೆ ಹೋಗುತ್ತಾರೆ. ನಾವು ತುಂಬಿದ ಕಟ್ಟೆಯ ಆಸೆಯಿಂದ ಶುರು ಮಾಡಿ ಕೆಳಗೆ ಬರುತ್ತೇವೆ.

ರಾಗಿ ಹಾಕಿ ಅಂತ ಸುಲಭವಾಗಿ ಹೇಳುವವರಿಗೂ ಒಂದು ಮಾತು. 2024–25ಕ್ಕೆ ಭತ್ತದ ಬೆಂಬಲ ಬೆಲೆ ಕ್ವಿಂಟಲಿಗೆ 2,300 ರೂಪಾಯಿ, ರಾಗಿಯದು 4,290. ನಮ್ಮ ಗದ್ದೆಯಲ್ಲಿ ಎಕರೆಗೆ 22 ಕ್ವಿಂಟಲ್ ಭತ್ತ ಬಂದರೆ 50,600. 12 ಕ್ವಿಂಟಲ್ ರಾಗಿ ಬಂದರೆ 51,480. ದುಡ್ಡು ಸರಿಸುಮಾರು ಒಂದೇ, ನೀರು ಅರ್ಧಕ್ಕಿಂತ ಕಡಿಮೆ. ಹಾಗಾದರೆ ರೈತ ಯಾಕೆ ಬದಲಾಗುವುದಿಲ್ಲ? ಸುತ್ತಲಿನ ಗದ್ದೆಗಳಲ್ಲಿ ಭತ್ತ ಇದ್ದರೆ ನಡುವಿನ ಗದ್ದೆಯಲ್ಲಿ ನೀರು ಜಿನುಗಿ ರಾಗಿಯ ಬೇರು ಕೊಳೆಯುತ್ತದೆ. ಒಬ್ಬನೇ ಬದಲಾಗಲು ಆಗುವುದಿಲ್ಲ, ಇಡೀ ಬಯಲು ಬದಲಾಗಬೇಕು. ವಿಶ್ವೇಶ್ವರಯ್ಯನವರಿಗೆ ಇದು ಗೊತ್ತಿತ್ತು. ಅವರು ಪುಣೆ ಕಡೆಯ ನೀರಾ ನಾಲೆಯಲ್ಲಿ ತಂದ ಬ್ಲಾಕ್ ಪದ್ಧತಿಯ ತಿರುಳೇ ಅದು. ಇಡೀ ಬಯಲನ್ನು ಭಾಗ ಮಾಡಿ, ಕಬ್ಬು, ಭತ್ತ, ಅರೆನೀರಾವರಿ ಬೆಳೆ ಇವನ್ನು ಸರದಿಯ ಮೇಲೆ ತಿರುಗಿಸುವುದು. ನಮ್ಮ ನಾಲೆಗೂ ಅದನ್ನೇ ಯೋಚಿಸಿದ್ದರು. ಮಿತಿಯನ್ನು ಒಬ್ಬೊಬ್ಬ ರೈತನ ತಲೆಗೆ ಬಿಡದೆ ಊರಿನ ಕೆಲಸ ಮಾಡಿದ ಪದ್ಧತಿ. ಅದನ್ನು ನಾವು ಕೈಬಿಟ್ಟೆವು.

ನೀರು ಕೊಡದ ನಾಲೆಗೆ ಬದಲಾಗಿ ಜನ ಏನು ಮಾಡಿದರು? ಬೋರು ಕೊರೆಸಿದರು. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಮೇಲಿನ ನೀರಿಗೆ ಹಾಕಿದ ಮಿತಿ ಕೆಳಗಿನ ನೀರನ್ನು ಮುಗಿಸುತ್ತದೆ. ಅದರ ಖರ್ಚು ಸರ್ಕಾರದ ವಿದ್ಯುತ್ ಲೆಕ್ಕದಲ್ಲಿ ಕಾಣುತ್ತದೆ. ಕಾವೇರಿಯ ಲೆಕ್ಕದಲ್ಲಿ ಯಾರೂ ಅದನ್ನು ಬರೆಯುವುದಿಲ್ಲ.

ಇನ್ನೊಂದು, ಬೆಂಗಳೂರಿನ ವಿಷಯ. ನಮ್ಮ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದಲೇ ಬೆಂಗಳೂರಿಗೆ ನೀರು ಹೋಗುವುದು. ಸುಮಾರು 100 ಕಿಲೋಮೀಟರ್ ದೂರ, ಅರ್ಧ ಕಿಲೋಮೀಟರ್ ಎತ್ತರಕ್ಕೆ. ಕಳೆದ ತಿಂಗಳಷ್ಟೇ ಐದನೇ ಹಂತ ಉದ್ಘಾಟನೆ ಆಯಿತು, ದಿನಕ್ಕೆ 77.5 ಕೋಟಿ ಲೀಟರ್. ವರ್ಷಕ್ಕೆ ಗುಣಿಸಿದರೆ 10 ಟಿಎಂಸಿ. ಈ ವರ್ಷ ಮಾರ್ಚಿನಲ್ಲಿ ಬೆಂಗಳೂರಿನ ಜನ ಟ್ಯಾಂಕರ್ ಹಿಂದೆ ಓಡಿದ್ದನ್ನು ನೋಡಿದ್ದೇವೆ. ಕುಡಿಯುವ ನೀರಿಗೆ ಯಾರೂ ಅಡ್ಡ ಬರಬಾರದು, ನಾನೂ ಬರುವುದಿಲ್ಲ. ಅಲ್ಲಿ ನಮ್ಮ ಮಕ್ಕಳೇ ಇದ್ದಾರೆ. ಆದರೆ ತಮ್ಮ ಒಟ್ಲಿಗೆ ಹಸು ಬಿಟ್ಟ ದಿನ ಆ ಪೈಪಿನಲ್ಲಿ ನೀರು ನಿಂತಿರಲಿಲ್ಲ. ಸಾವಿರ ಲೀಟರಿಗೆ ಬಿಲ್ ಕಟ್ಟುವ ನಗರ, ಕೊರತೆಯ ವರ್ಷ ಬಿತ್ತದೆ ಬಿಟ್ಟ ಎಕರೆಗೆ ಒಂದಿಷ್ಟು ಕಟ್ಟಿಕೊಡಲಿ. ಇದು ದಾನ ಅಲ್ಲ, ನೀರಿನ ಬೆಲೆ. ಬಿತ್ತಬೇಡಿ ಅಂತ ಮೇ ತಿಂಗಳಲ್ಲೇ ಹೇಳಿ, ಬಿತ್ತದೆ ಬಿಟ್ಟದ್ದಕ್ಕೆ ದುಡ್ಡು ಕೊಟ್ಟರೆ, ಆಗಸ್ಟಿನಲ್ಲಿ ಒಣಗಿದ್ದಕ್ಕೆ ಪರಿಹಾರ ಕೊಡುವುದಕ್ಕಿಂತ ಎಲ್ಲರಿಗೂ ಅಗ್ಗ. ಆ ದುಡ್ಡಿನಲ್ಲಿ ನಾಟಿ ಕೂಲಿಯ ಭಾಗವನ್ನು ಬೇರೆಯೇ ತೆಗೆದಿಡಬೇಕು. ಕೊರತೆಯ ವರ್ಷ ನಾಲೆಯ ಕಟ್ಟು ನೀರಿನ ಸರದಿ ಕೊನೆ ಭಾಗದಿಂದ ಶುರುವಾಗಬೇಕು.

ಮಾತು ಮುಗಿಸಿದ ಮೇಲೆ ಪ್ರಶ್ನೆಗಳು ಬಂದವು. ಒಬ್ಬ ಹಿರಿಯರು, ಮೇ ತಿಂಗಳಲ್ಲಿ ಮಳೆ ಯಾರಿಗೆ ಗೊತ್ತಿರುತ್ತದೆ ಅಂತ ಕೇಳಿದರು. ಸರಿಯಾದ ಪ್ರಶ್ನೆ. ಮಳೆ ಗೊತ್ತಿರುವುದಿಲ್ಲ, ಆದರೆ ಕಟ್ಟೆಯಲ್ಲಿ ಉಳಿದಿರುವ ನೀರು ಗೊತ್ತಿರುತ್ತದೆ. ಅಷ್ಟಕ್ಕೆ ಮಾತ್ರ ಭರವಸೆ ಕೊಡಿ, ಮಳೆ ಬಂದರೆ ಆಮೇಲೆ ಹೆಚ್ಚಿಸಿ ಅಂದೆ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು ನಿಂತರು. "ಮೇಡಂ, ನಂ ಹೆಸ್ರು ಯಾವ ಲಿಸ್ಟಲ್ಲೂ ಇಲ್ಲ ಅಂದ್ರಲ್ಲ, ಬರ್ಕೊಳೋದು ಯಾರು?" ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. 2022ರಲ್ಲಿ ಎಷ್ಟು ದಿನ ನಾಟಿಗೆ ಹೋಗಿದ್ದಿರಿ ಅಮ್ಮ ಅಂತ ಕೇಳಿದೆ. ಬೆರಳು ಮಡಿಚಿ ಲೆಕ್ಕ ಹಾಕಿ "ಮೂವತ್ತೆಂಟು" ಅಂದರು. ಹೋದ ವರ್ಷ? "ಒಂಬತ್ತು." ಕೈಯಲ್ಲಿದ್ದ ಹಾಳೆಯ ಹಿಂದೆ ಬರೆದುಕೊಂಡೆ. ಅವರ ಪಕ್ಕದವರು ತಮ್ಮದು ಹೇಳಿದರು, ಆಮೇಲೆ ಅವರ ಹಿಂದಿನವರು. ಸಭಾಂಗಣದವರು ದೀಪ ಆರಿಸಲು ಬರುವ ಹೊತ್ತಿಗೆ ಹದಿನಾರು ಜನರ ಲೆಕ್ಕ ಆಗಿತ್ತು.